ಎಪ್ಪತ್ತೊಂದು ಗಂಟೆಯ ವರದಿ

ನಮ್ಮೂರಿನಲ್ಲಿ ಯಾರೂ ಕಾಗದವನ್ನು ಮೇಲಿನಿಂದ ಓದುವುದಿಲ್ಲ. ಮೊದಲು ಕೆಳಗೆ, ಬಲತುದಿಗೆ ಕಣ್ಣು ಹಾಯಿಸುತ್ತಾರೆ. ಕಂಪ್ಯೂಟರಿನಲ್ಲಿ ಟೈಪಾಗಿ ಹೊರಬಂದ ಪ್ರತಿಯೊಂದು ಹಾಳೆಯ ಅಡಿಯಲ್ಲೂ ಅದನ್ನು ಬರೆದು ತಿದ್ದಲು ಹಿಡಿದ ಹೊತ್ತು ಸಣ್ಣ ಅಕ್ಷರದಲ್ಲಿ ತಾನಾಗಿಯೇ ಮೂಡಿರುತ್ತದೆ. ಅಳಿಸಲು ಬರುವುದಿಲ್ಲ. ಕತ್ತರಿಸಿದರೆ ಒಂದು ಸಾಲು ಮೇಲೆ ಮತ್ತೆ ಮೂಡುತ್ತದೆ. ಅದಕ್ಕೆ ನಾವು ಅಡಿಹೊತ್ತು ಅನ್ನುತ್ತೇವೆ. ಮದುವೆಯ ಕರೆಯೋಲೆಯಲ್ಲಿ ಹನ್ನೊಂದು ನಿಮಿಷ ಎಂದಿದ್ದರೆ ಬೀಗರು ಮುಖ ಊದಿಸಿಕೊಂಡೇ ಊಟಕ್ಕೆ ಕೂರುತ್ತಾರೆ. ಸಂತಾಪದ ಪತ್ರದಲ್ಲಿ ಒಂದು ಗಂಟೆಗಿಂತ ಕಡಿಮೆ ಇದ್ದರೆ ಸತ್ತವರ ಮನೆಯವರು ಅದನ್ನು ಒಳಗೆ ಒಯ್ಯುವುದಿಲ್ಲ, ಹೊಸಿಲ ಮೇಲೇ ಬಿಡುತ್ತಾರೆ. ನನ್ನ ಅಂಗಡಿಯ ಕೆಳಗೆ ಕನ್ನಡಕ ಮಾರುವ ಹುಡುಗಿಗೆ ಒಮ್ಮೆ ಮೂರೇ ಸಾಲಿನ ಪತ್ರ ಬಂದಿತ್ತು, ಅಡಿಯಲ್ಲಿ ಹದಿನೇಳು ಗಂಟೆ. ಅವಳು ಆ ಮೂರು ಸಾಲನ್ನು ಓದುವ ಮೊದಲೇ ಮನಸ್ಸಿನಲ್ಲಿ ಒಪ್ಪಿಬಿಟ್ಟಿದ್ದಳು. ಅವರಿಗೀಗ ಇಬ್ಬರು ಮಕ್ಕಳು.

ಪುರಸಭೆಯ ಸಭಾಂಗಣದಲ್ಲಿ ಒಂದು ಹಲಗೆ ತೂಗುಹಾಕಿದ್ದರು. ‘ಎರಡು ಕಾಗದ ಎದುರಾದರೆ ಹೊತ್ತು ಹೆಚ್ಚಿದ್ದದ್ದೇ ಮೇಲು’ ಎಂದು ಅದರ ಮೇಲೆ ಬರೆದಿತ್ತು. ನನ್ನಜ್ಜನ ಕಾಲದಲ್ಲಿ ಬಾಯಿಜೋರು ಇದ್ದವರು ಗೆಲ್ಲುತ್ತಿದ್ದರಂತೆ. ಅದಕ್ಕಿಂತ ಇದು ವಾಸಿ ಎಂದು ಎಲ್ಲರೂ ನಂಬಿದ್ದೆವು.

ನನ್ನ ಹೆಸರು ಇಂದುಮತಿ. ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ನಾಲ್ಕು ಕಂಪ್ಯೂಟರುಗಳ ಟೈಪಿಂಗ್ ಅಂಗಡಿ ನಡೆಸುತ್ತ ಇಪ್ಪತ್ತು ವರ್ಷವಾಯಿತು. ಈ ಊರಿನಲ್ಲಿ ನನ್ನಷ್ಟು ವೇಗವಾಗಿ, ತಪ್ಪಿಲ್ಲದೆ ಟೈಪು ಮಾಡುವವರು ಇನ್ನೊಬ್ಬರಿಲ್ಲ. ಇದನ್ನು ಜಂಬ ಅಂದುಕೊಂಡರೂ ನನಗೆ ಅಡ್ಡಿಯಿಲ್ಲ. ಆದರೆ ನಮ್ಮೂರಿನಲ್ಲಿ ವೇಗ ಯಾರಿಗೆ ಬೇಕು? “ಇಂದಕ್ಕಾ, ಸ್ವಲ್ಪ ನಿಧಾನ ಮಾಡ್ರೀ, ಅರ್ಧ ಗಂಟೆನಾದ್ರೂ ಆಗ್ಲಿ” ಎಂದು ಗಿರಾಕಿಗಳು ಪಕ್ಕದಲ್ಲಿ ಕೂತು ಗೋಗರೆಯುತ್ತಿದ್ದರು. ನಾನು ಸುಮ್ಮನೆ ಬೆರಳು ಎತ್ತಿ ಹಿಡಿದು, ಅವರ ಮಗನ ಪರೀಕ್ಷೆ, ಸೊಸೆಯ ಬಾಣಂತನ ಎಲ್ಲ ವಿಚಾರಿಸಿ, ಅರ್ಧ ಗಂಟೆ ಆದಮೇಲೆ ಕೊನೆಯ ಚುಕ್ಕಿ ಇಡುತ್ತಿದ್ದೆ.

ಹೊತ್ತು ಏರಿಸಲು ಅದಕ್ಕಿಂತ ಸುಲಭದ ದಾರಿಯೂ ಇತ್ತು. ಫೈಲನ್ನು ತೆರೆದಿಟ್ಟು ಎದ್ದುಹೋದರೂ ಹೊತ್ತು ಓಡುತ್ತಲೇ ಇರುತ್ತದೆ. ಅಕ್ಕಿ ನೆನೆಹಾಕಿದ ಹಾಗೆ, ನಾವೇನೂ ಮಾಡಬೇಕಿಲ್ಲ, ಅದು ತಾನೇ ಉಬ್ಬುತ್ತದೆ. ಇದಕ್ಕೆ ಕಾಗದ ನೆನೆಹಾಕುವುದು ಎಂದೇ ಹೆಸರು. ನೆನೆಹಾಕುವುದಿಲ್ಲ ಎಂದು ಟೈಪಿಂಗ್ ಅಂಗಡಿಯವರೆಲ್ಲ ಪುರಸಭೆಗೆ ಮಾತು ಕೊಟ್ಟಿರುತ್ತೇವೆ. ಆ ಮಾತಿನ ಗುರುತಾಗಿ ಬಾಗಿಲಿಗೆ ಒಂದು ತಗಡಿನ ಫಲಕ ಹೊಡೆದಿರುತ್ತಾರೆ. ಸಿಕ್ಕಿಬಿದ್ದರೆ ಫಲಕ ಹೋಗುತ್ತದೆ, ಫಲಕವಿಲ್ಲದ ಅಂಗಡಿಯ ಮೆಟ್ಟಿಲನ್ನು ಯಾರೂ ಹತ್ತುವುದಿಲ್ಲ. ಆದರೂ ಎಲ್ಲರೂ ಅಲ್ಲಿ ಇಲ್ಲಿ ನೆನೆಹಾಕುತ್ತಿದ್ದರು. ನಾನೂ ಹಾಕಿದ್ದೇನೆ. ಯಾರದೋ ಮಗಳ ಕರೆಯೋಲೆ, ಯಾರದೋ ಅಭಿನಂದನಾ ಪತ್ರ. ಇದರಿಂದ ಯಾರ ಮನೆ ಹಾಳಾಗುತ್ತದೆ ಎಂದುಕೊಂಡಿದ್ದೆ.

ಆ ವರ್ಷ ಬೇಸಿಗೆಯ ಕೊನೆಯಲ್ಲಿ ಮೇದಾರಗೇರಿಯಲ್ಲಿ ವಾಂತಿಭೇದಿ ಹಬ್ಬಿತು. ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯುವ ಜನ ಇರುವ ಬೀದಿ ಅದು. ಶುಕ್ರವಾರ ಬೆಳಗ್ಗೆ ನಾಲ್ಕು ಜನ ಮಲಗಿದರು, ಭಾನುವಾರದ ಹೊತ್ತಿಗೆ ನಲವತ್ತಮೂರು. ಆಸ್ಪತ್ರೆಯ ವರಾಂಡದಲ್ಲಿ ಚಾಪೆ ಹಾಸಿ ಮಲಗಿಸಿದ್ದರು. ಕಾಳಮ್ಮ ಎಂಬ ಮುದುಕಿ ತೀರಿಕೊಂಡಳು. ನನ್ನ ಅಂಗಡಿಯ ಕಸದ ಬುಟ್ಟಿ ಅವಳೇ ಹೆಣೆದದ್ದು. ನೀರಿನಿಂದಲೇ ಬಂದದ್ದು ಎಂದು ಡಾಕ್ಟರು ಹೇಳಿದರು. ನೀರು ಹೇಗೆ ಕೆಟ್ಟಿತು ಎಂದು ವರದಿ ಕೊಡಲು ಪುರಸಭೆಯ ಇಂಜಿನಿಯರ್ ಮೃತ್ಯುಂಜಯ ಅವರಿಗೆ ವಹಿಸಿದರು.

ಸೋಮವಾರ ಹನ್ನೊಂದು ಗಂಟೆಗೆ ಮೃತ್ಯುಂಜಯ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಐವತ್ತು ದಾಟಿದ, ಮೆಲುಮಾತಿನ ಮನುಷ್ಯ. ಆಫೀಸಿನಲ್ಲಿ ಜನರ ಗಲಾಟೆ, ಇಲ್ಲಿ ಕೂತು ಬರೆಯುತ್ತೇನೆ ಎಂದರು. ದೊಡ್ಡ ಅಧಿಕಾರಿ ನನ್ನ ಅಂಗಡಿಗೆ ಬಂದರಲ್ಲ ಎಂದು ನನಗೆ ಹಿಗ್ಗು. ಮೂಲೆಯ ಕಂಪ್ಯೂಟರು ಕೊಟ್ಟು ಟೀ ತರಿಸಿದೆ. ಅವರು ಟೀ ಮುಟ್ಟಲಿಲ್ಲ. ಹಳೆಯ ಯಾವುದೋ ಫೈಲಿನಿಂದ ಅಷ್ಟಿಷ್ಟು ತೆಗೆದು ಅಂಟಿಸಿ, ಒಂದು ಗಂಟೆಯಲ್ಲಿ ಮುಗಿಸಿ ಎದ್ದರು.

“ಇದನ್ನ ಮುಚ್ಚಬೇಡಿ ಇಂದುಮತಿಯವರೇ. ಮತ್ತೆ ಬಂದು ನೋಡ್ತೀನಿ. ಮಷೀನು ಹಾಗೇ ಇರ್ಲಿ.”

“ರಾತ್ರಿನೂ ಸರ್?”

“ರಾತ್ರಿನೂ.” ಅವರು ನನ್ನ ಮುಖ ನೋಡಲಿಲ್ಲ.

ನನಗೆ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಪರದೆಯ ಮೇಲೆ ಒಂದು ಟವೆಲು ಹೊದಿಸಿ, ಕರೆಂಟು ಹೋದರೂ ಆರದ ಹಾಗೆ ಬ್ಯಾಟರಿಗೆ ಜೋಡಿಸಿ ಬಿಟ್ಟೆ. ಟವೆಲು ಎತ್ತಿ ಓದಬಹುದಿತ್ತು. ಓದಲಿಲ್ಲ. ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಅವರು ಬಂದು ಪ್ರಿಂಟು ತೆಗೆದರು. ನಾಲ್ಕು ಹಾಳೆ. ಅಡಿಯಲ್ಲಿ ಎಪ್ಪತ್ತೊಂದು ಗಂಟೆ ಎಂಟು ನಿಮಿಷ.

ಆ ಸಂಖ್ಯೆ ಮಧ್ಯಾಹ್ನದೊಳಗೆ ಊರೆಲ್ಲ ಓಡಾಡಿತು. ಪುರಸಭೆಯ ಚರಿತ್ರೆಯಲ್ಲಿ ಅಷ್ಟು ಹೊತ್ತು ಹಿಡಿದ ವರದಿ ಇರಲಿಲ್ಲ. “ಪಾಪ, ಊಟ ನಿದ್ದೆ ಬಿಟ್ಟು ಕೂತಿದ್ರಂತೆ” ಎಂದು ಕನ್ನಡಕದಂಗಡಿಯ ಹುಡುಗಿ ನನಗೇ ಹೇಳಿದಳು. ವರದಿಯ ಒಳಗೆ ಇದ್ದದ್ದು ಇಷ್ಟು: ಮೇದಾರಗೇರಿಯ ಟ್ಯಾಂಕಿಗೆ ನೀರುಗಂಟಿ ದುರುಗಪ್ಪ ಮೂರು ದಿನ ಬ್ಲೀಚಿಂಗ್ ಪೌಡರ್ ಹಾಕಿಲ್ಲ. ಕೊಳವೆ, ವಾಲ್ವು, ಟ್ಯಾಂಕು ಎಲ್ಲ ಸರಿಯಾಗಿವೆ. ತಪ್ಪು ಅವನೊಬ್ಬನದು. ಅವನನ್ನು ಆವತ್ತೇ ಕೆಲಸದಿಂದ ನಿಲ್ಲಿಸಿದರು. ಅವನು ಏನಾದರೂ ಹೇಳುವುದಿದ್ದರೆ ಶನಿವಾರ ಹನ್ನೊಂದಕ್ಕೆ ಸಭೆಯಲ್ಲಿ ಬರೆದು ಕೊಡಬಹುದು ಎಂದರು.

ಗುರುವಾರ ಸಂಜೆ ಐದಕ್ಕೆ ದುರುಗಪ್ಪ ಮತ್ತು ಅವನ ಹೆಂಡತಿ ಸಣ್ಣೀರಮ್ಮ ನನ್ನ ಅಂಗಡಿಗೆ ಬಂದರು. ಇಪ್ಪತ್ತೈದು ವರ್ಷದಿಂದ ಊರಿನ ವಾಲ್ವು ತಿರುಗಿಸುತ್ತಿದ್ದ ಮನುಷ್ಯ. ಅಂಗೈ ಕಬ್ಬಿಣದ ಚಕ್ರದಷ್ಟೇ ಗಟ್ಟಿ. ಸಣ್ಣೀರಮ್ಮನ ಕೈಯಲ್ಲಿ ಖಾಲಿ ಕೊಡ. ನಲ್ಲಿಯ ಸಾಲಿನಿಂದ ಅವಳನ್ನು ಹೊರಗೆ ಕಳಿಸಿದ್ದರು. ಕೊಡ ಮನೆಗೆ ಇಟ್ಟು ಬರಬೇಕು ಅನ್ನುವುದೂ ಅವಳಿಗೆ ತೋಚಿರಲಿಲ್ಲ.

“ನನ್ ಮಾತು ಬರ್ಕೊಡಿ ಅಕ್ಕಾ,” ಎಂದ ದುರುಗಪ್ಪ. “ಪೌಡರ್ ಹಾಕೀನಿ. ಒಂದಿನಾನೂ ಬಿಟ್ಟಿಲ್ಲ. ಮೀನು ಮಾರ್ಕೆಟ್ ಹಿಂದೆ ಮೋರಿ ತಾವ ಪೈಪು ಒಡೆದೈತೆ. ಸಾಹೇಬ್ರಿಗೆ ಮೂರು ಸಲ ಹೇಳೀನಿ. ಅಷ್ಟೇ.”

ಟೈಪು ಮಾಡಿದೆ. ಆರು ನಿಮಿಷ.

ಸಣ್ಣೀರಮ್ಮನಿಗೆ ಓದಲು ಬರುವುದಿಲ್ಲ, ಆದರೆ ನಮ್ಮೂರಿನ ಎಲ್ಲರಿಗೂ ಅಡಿಯ ಸಂಖ್ಯೆ ಗುರುತಿಸಲು ಬರುತ್ತದೆ. ಅವಳು ಬೆರಳಿಟ್ಟು ನೋಡಿದಳು. “ಆರು ನಿಮ್ಸ! ಅವ್ರದು ಎಪ್ಪತ್ತೊಂದು ಗಂಟೆ. ಇಂದಕ್ಕಾ, ಕಾಲಿಗೆ ಬೀಳ್ತೀನಿ, ನೆನೆಹಾಕ್ರಿ.”

ನಾನು ಗೋಡೆಯ ಗಡಿಯಾರ ನೋಡಿದೆ. ಗುರುವಾರ ಸಂಜೆ ಐದರಿಂದ ಶನಿವಾರ ಹನ್ನೊಂದರವರೆಗೆ ಎಷ್ಟು ಎಣಿಸಿದರೂ ನಲವತ್ತೆರಡೇ ಗಂಟೆ. ಕಂಪ್ಯೂಟರನ್ನು ಒಂದು ಕ್ಷಣವೂ ಆರಿಸದಿದ್ದರೂ ಎಪ್ಪತ್ತೊಂದು ಮುಟ್ಟುವುದಿಲ್ಲ. ಸೋಮವಾರ ಆ ಮೆಲುಮಾತಿನ ಮನುಷ್ಯ ಟೀ ಮುಟ್ಟದೆ ಕೂತಿದ್ದಾಗ ಈ ಲೆಕ್ಕವನ್ನೇ ಹಾಕಿರಬೇಕು. ಅವನಿಗೆ ಬೇಕಾದ ಗಂಟೆಗಳನ್ನು ಟವೆಲು ಹೊದಿಸಿ ಕಾಪಾಡಿ ಕೊಟ್ಟವಳು ನಾನು.

“ನೆನೆಹಾಕಿದ್ರೂ ಸಾಲಲ್ಲಮ್ಮ,” ಎಂದೆ.

“ಬ್ಯಾಡ ಬಿಡು ಸಣ್ಣೀರಿ,” ಎಂದ ದುರುಗಪ್ಪ. “ನನ್ ಕೆಲ್ಸ ಹೋದ್ರೆ ಹೋಗ್ಲಿ. ಆ ಪೈಪು ಇನ್ನೂ ಹಂಗೇ ಐತಲ್ಲ? ತಪ್ಪು ನಂದು ಅಂತ ಆದ್ಮೇಲೆ ಅದನ್ನ ಯಾರು ಅಗೀತಾರೆ? ಔಷಧಿ ಹಾಕಿದ್ದಕ್ಕೆ ಈಗ ನಿಂತೈತೆ. ಇನ್ನೊಂದು ವಾರಕ್ಕೆ ಮತ್ತೆ ಮಲಗ್ತಾರೆ ಜನ.”

ಕೆಲಸ ಕಳೆದುಕೊಂಡವನು ಆಡುವ ಮಾತಲ್ಲ ಅದು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅವರ ಮುಂದೆ ಸೋಮವಾರದಿಂದ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಮೂಲೆಯ ಕಂಪ್ಯೂಟರು ತೋರಿಸಿದೆ, ಟವೆಲೂ ತೋರಿಸಿದೆ. ಸಣ್ಣೀರಮ್ಮ ಕೊಡವನ್ನು ನೆಲಕ್ಕೆ ಕುಕ್ಕಿದಳು. “ನಿಮ್ ಕೈ ಸೇದೋಗ” ಎಂದಳು. ಅವಳು ಬೈದದ್ದು ನ್ಯಾಯವೇ. ಕೊಡವನ್ನು ಮತ್ತೆ ಕೈಗೆತ್ತಿಕೊಂಡು, “ಮತ್ತೆ ಈಗೇನ್ ಮಾಡ್ತೀರಿ?” ಎಂದಳು.

“ಶನಿವಾರ ಸಭೇಲಿ ಇದನ್ನೇ ಹೇಳ್ತೀನಿ,” ಎಂದೆ. “ಆದ್ರೆ ಅದಕ್ಕೂ ಮುಂಚೆ ದುರುಗಪ್ಪನ ಕಾಗದ ಗಟ್ಟಿಯಾಗ್ಬೇಕು. ನೆನೆಸಿದ್ದಲ್ಲ, ಬೇಯಿಸಿದ್ದು.”

ಆ ಸಂಜೆ ಎಂಟೂವರೆಯವರೆಗೆ ಕೂತೆವು. ಹೊಸ ಫೈಲು ತೆರೆದೆ. ನಾನೊಂದು ಸಾಲು ಬರೆದು ಓದುತ್ತಿದ್ದೆ, ಅವನು ಕಣ್ಣು ಮುಚ್ಚಿ ಕೇಳಿ ತಲೆಯಾಡಿಸುತ್ತಿದ್ದ. ‘ಪ್ರತಿದಿನ ಬೆಳಗ್ಗೆ’ ಎಂದು ಬರೆದರೆ, “ಬೆಳಗ್ಗೆ ಅಲ್ಲ ಅಕ್ಕಾ, ಇನ್ನೂ ಮಬ್ಬಿರ್ತದೆ, ಐದೂಕಾಲು” ಅನ್ನುತ್ತಿದ್ದ. ‘ಪೌಡರ್ ಹಾಕಿದ್ದೇನೆ’ ಎಂದರೆ, “ಹೆಂಗೆ ಹಾಕ್ತೀನಿ ಅಂತ ಬರೀರಿ. ಬಕೀಟಿನಾಗೆ ಕಲಸಿ, ತಿಳಿ ಮಾತ್ರ ಬಿಡ್ತೀನಿ, ಗಸಿ ಚೆಲ್ತೀನಿ” ಅನ್ನುತ್ತಿದ್ದ. ಇಪ್ಪತ್ತು ವರ್ಷ ನಾನು ಕಾಗದಗಳನ್ನು ತಿದ್ದಿದ್ದೆ. ಹೆಚ್ಚಿನವರಿಗೆ ತಿದ್ದುವುದೆಂದರೆ ದೊಡ್ಡ ಪದ ಸೇರಿಸುವುದು. ಇವನು ಸೇರಿಸಿದ್ದು ಬಕೀಟು, ಗಸಿ, ಐದೂಕಾಲು. ಊಟಕ್ಕೋ ನೀರಿಗೋ ಎದ್ದಾಗಲೆಲ್ಲ ನಾನೇ ಫೈಲು ಮುಚ್ಚಿ ಏಳುತ್ತಿದ್ದೆ. ಒಂದು ನಿಮಿಷವೂ ಅದರಲ್ಲಿ ಪುಕ್ಕಟೆ ಸೇರಬಾರದು ಎಂದು ಹಟ ಹಿಡಿದಿದ್ದೆ.

ಶುಕ್ರವಾರ ಬೆಳಗ್ಗೆ ಒಂದು ಸಾಲಿನಲ್ಲಿ ಸಿಕ್ಕಿಬಿದ್ದೆವು. ‘ಮೀನು ಮಾರುಕಟ್ಟೆಯ ಹಿಂದೆ ಕೊಳವೆ ಸೋರುತ್ತದೆ’ ಎಂದು ಬರೆದಿದ್ದೆ. ದುರುಗಪ್ಪ ಮುಖ ಗಂಟಿಕ್ಕಿದ.

“ಸೋರ್ತದೆ ಅಂದ್ರೆ ತಪ್ಪಾಯ್ತದೆ.”

“ಯಾಕೆ? ಒಡೆದ ಪೈಪು ಸೋರದೆ ಇನ್ನೇನು ಮಾಡುತ್ತೆ?”

“ಬನ್ನಿ, ತೋರಿಸ್ತೀನಿ.”

ಫೈಲು ಮುಚ್ಚಿ, ಅಂಗಡಿಗೆ ಬೀಗ ಹಾಕಿ ಅವನ ಹಿಂದೆ ಹೋದೆ. ಮೀನು ಮಾರುಕಟ್ಟೆಯ ಹಿಂಬದಿ, ಚಪ್ಪಡಿ ಮುಚ್ಚಿದ ಮೋರಿ. ಕಪ್ಪು ನೀರು ನಿಂತಲ್ಲೇ ನಿಂತು ನಾರುತ್ತಿತ್ತು. ಮೊದಲನೆಯ ಚಪ್ಪಡಿಯಿಂದ ಅವನು ಹೆಜ್ಜೆ ಎಣಿಸುತ್ತ ನಡೆದು ಹತ್ತೊಂಬತ್ತಕ್ಕೆ ನಿಂತ. ಜೊತೆಗೆ ತಂದಿದ್ದ ಕಬ್ಬಿಣದ ಉದ್ದ ಸಲಾಕೆಯನ್ನು ನೆಲಕ್ಕೆ ಊರಿ ಅದರ ತುದಿಗೆ ಕಿವಿ ಹಚ್ಚಿದ. ನೀರುಗಂಟಿಗಳು ನೆಲದೊಳಗಿನ ಕೊಳವೆಯ ಸದ್ದು ಕೇಳುವುದು ಹಾಗೆ. “ಈಗ ಏಳೂವರೆ, ನೀರು ಬಿಟ್ಟವ್ರೆ. ಕೇಳ್ರಿ,” ಎಂದ. ನಾನು ಕಿವಿ ಇಟ್ಟೆ. ಸರಸರ ಎಂದು ನೀರು ಹರಿಯುವ ಸದ್ದು. “ಈಗ ಬರೀ ಹೊರಕ್ಕೆ ತಳ್ತದೆ. ಒಳಗೆ ಏನೂ ಬರಲ್ಲ. ಎಂಟಕ್ಕೆ ವಾಲ್ವು ಕಟ್ಟಲಿ, ಆಮೇಲೆ ಕೇಳೀರಂತೆ.”

ಅರ್ಧ ಗಂಟೆ ಕಾದೆವು. ಎಂಟಕ್ಕೆ ಎಲ್ಲೋ ದೂರದಲ್ಲಿ ಅವನ ಜಾಗಕ್ಕೆ ಬಂದ ಹೊಸಬ ವಾಲ್ವು ಕಟ್ಟಿದ. ಸರಸರ ಸದ್ದು ತಗ್ಗಿ ನಿಂತಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಸಲಾಕೆಯ ಒಳಗಿಂದ, ಬಾಯಾರಿದ ಎಮ್ಮೆ ನೀರಿನ ಬಾನಿಗೆ ಮೂತಿ ಇಟ್ಟ ಹಾಗೆ, ಗುಟುಕ್ ಗುಟುಕ್ ಎಂದು ಕೇಳತೊಡಗಿತು. ಮೋರಿಯ ಕಪ್ಪು ನೀರಿನ ಮೇಲೆ ತೇಲುತ್ತಿದ್ದ ಮೀನಿನ ಸಿಪ್ಪೆಗಳು ಮೆಲ್ಲಗೆ ಒಂದೇ ಮಗ್ಗುಲಿಗೆ ಸರಿಯುತ್ತಿದ್ದವು.

“ನೀರು ನಿಂತಾಗ ಅದು ಕುಡೀತದೆ ಅಕ್ಕಾ,” ಎಂದ ದುರುಗಪ್ಪ. “ಇದನ್ನೇ ಸಾಹೇಬ್ರಿಗೆ ಹೇಳಿದ್ದು. ಪೈಪು ಹೋದ ವರ್ಷವೇ ಬದಲಾಯಿಸಿ ಆಗಿದೆ, ಫೈಲಿನಾಗೆ ಐತೆ, ಬಾಯಿ ಮುಚ್ಚು ಅಂದ್ರು. ಫೈಲಿನಾಗೆ ಬದಲಾಗೈತೆ, ನೆಲದಾಗೆ ಆಗಿಲ್ಲ.”

ಅಂಗಡಿಗೆ ಬಂದು ‘ಸೋರುತ್ತದೆ’ ಅಳಿಸಿದೆ. ‘ನೀರು ನಿಲ್ಲಿಸಿದ ಕೂಡಲೇ ಕೊಳವೆಯು ಮೋರಿಯ ನೀರನ್ನು ಕುಡಿಯುತ್ತದೆ’ ಎಂದು ಬರೆದೆ. ಹತ್ತೊಂಬತ್ತು ಹೆಜ್ಜೆ ಬರೆದೆ. ಹೊತ್ತು ಬರೆದೆ. ಆ ಒಂದು ಪ್ಯಾರಾ ಮಧ್ಯಾಹ್ನದವರೆಗೆ ಹಿಡಿಯಿತು. ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಕೊನೆಯ ಬಾರಿ ಓದಿ ಪ್ರಿಂಟು ತೆಗೆದಾಗ ಎರಡು ಹಾಳೆಯಾಗಿತ್ತು. ಅಡಿಯಲ್ಲಿ ಹದಿನಾಲ್ಕು ಗಂಟೆ ಎರಡು ನಿಮಿಷ. ಹದಿನಾಲ್ಕೂ ನಾವು ದುಡಿದ ಗಂಟೆಗಳು.

ಸಭಾಂಗಣ ತುಂಬಿತ್ತು. ಮೇದಾರಗೇರಿಯವರು ಗೋಡೆಗುಂಟ ನಿಂತಿದ್ದರು, ಕಾಳಮ್ಮನ ಸೊಸೆ ಎದುರಿಗೇ ಕೂತಿದ್ದಳು. ಅಧ್ಯಕ್ಷೆ ಬಿಲ್ಕಿಸ್ ಬಾನು ಎರಡೂ ಕಾಗದಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡರು. ಚುನಾವಣೆಗೆ ನಿಲ್ಲುವ ಮೊದಲು ಮೂವತ್ತು ವರ್ಷ ರವಿಕೆ ಹೊಲಿದವರು ಅವರು. ಕಣ್ಣು ಸಣ್ಣ ಮಾಡಿ ಅಡಿಹೊತ್ತುಗಳನ್ನು ನೋಡಿ ನಿಟ್ಟುಸಿರಿಟ್ಟರು.

“ದುರುಗಪ್ಪ, ಹದಿನಾಲ್ಕು ಗಂಟೆ ಕೂತಿದೀಯ, ನಾನು ಇಲ್ಲ ಅನ್ನಲ್ಲ. ಆದ್ರೆ ಹಲಗೆ ಮೇಲೆ ಏನಿದೆ ಅಂತ ನಿನಗೂ ಗೊತ್ತಲ್ಲ.”

ನಾನು ಎದ್ದು ನಿಂತೆ. “ಅಧ್ಯಕ್ಷರೇ, ಆ ಎಪ್ಪತ್ತೊಂದರಲ್ಲಿ ಎಪ್ಪತ್ತು ಗಂಟೆ ನೆನೆಸಿದ್ದು. ನೆನೆಹಾಕಿದ್ದು ನನ್ನ ಅಂಗಡೀಲಿ. ನಾನೇ ಮುಂದೆ ನಿಂತು ಕಾಪಾಡಿದೀನಿ.”

ಹಿಂದಿನಿಂದ ಯಾರೋ “ಥೂ” ಎಂದರು. ಮೃತ್ಯುಂಜಯ ಎದ್ದರು. ಅವರ ದನಿ ಆಗಲೂ ಮೆಲುವಾಗಿಯೇ ಇತ್ತು. “ಇವರ ಮಾತಿಗೆ ಏನಾಧಾರ? ಬರೀ ಬಾಯಿಮಾತು. ನನ್ನ ಕಾಗದದ ಹೊತ್ತು ಕಣ್ಣೆದುರಿಗಿದೆ.”

“ಅದೂ ನಿಜವೇ,” ಎಂದರು ಬಿಲ್ಕಿಸ್ ಬಾನು. “ಬಾಯಿಮಾತಿಗೆ ಅಡಿಹೊತ್ತು ಎಲ್ಲಿದೆ ಇಂದುಮತಿ?”

“ಹಾಗಾದ್ರೆ ಎರಡೂ ಕಾಗದ ಬೋರಲು ಹಾಕಿ ಅಮ್ಮಾ,” ಎಂದೆ. “ಯಾರ ಕಾಗದದಲ್ಲಿ ಏನಿದೆ ಅಂತ ಅವರವರ ಬಾಯಲ್ಲೇ ಕೇಳಿ. ಎಪ್ಪತ್ತೊಂದು ಗಂಟೆ ತಿದ್ದಿದವರಿಗೆ ಅದು ಮರೆತುಹೋಗೋದಿಲ್ಲ.”

ಸಭೆ ಗುಜುಗುಜು ಎಂದಿತು. ಅಂಥ ರೂಢಿ ಇರಲಿಲ್ಲ. ಇಂಜಿನಿಯರು ನಿಯಮ, ನಿಯಮ ಎಂದು ಎರಡು ಬಾರಿ ಹೇಳಿದರು. ಬಿಲ್ಕಿಸ್ ಬಾನು ಕೈಯೆತ್ತಿದರು. “ನಾನು ಹೊಲಿದ ರವಿಕೇನ ಹತ್ತು ವರ್ಷದ ಮೇಲೆ ನೋಡಿದ್ರೂ ಹೊಲಿಗೆ ಎಲ್ಲಿ ತಿರುಗಿದೆ, ಎಲ್ಲಿ ಬಿಚ್ಚಿ ಮತ್ತೆ ಹಾಕಿದೀನಿ ಅಂತ ಕಣ್ಣು ಮುಚ್ಚಿ ಹೇಳ್ತೀನಿ. ಇಂದುಮತಿ ಹೇಳಿದ್ದು ತಪ್ಪಲ್ಲ. ಸಾಹೇಬ್ರೇ, ನೀವೇ ಮೊದಲು. ದುರುಗಪ್ಪ ಯಾವ ಮೂರು ದಿನ ಪೌಡರ್ ಹಾಕಿಲ್ಲ ಅಂತ ಬರೆದಿದೀರಿ?”

ಮೃತ್ಯುಂಜಯ ಕನ್ನಡಕ ತೆಗೆದು ಒರೆಸಿದರು. “ಬುಧವಾರ, ಗುರುವಾರ... ಶುಕ್ರವಾರ.”

ಅಧ್ಯಕ್ಷೆ ಹಾಳೆಯ ಅಂಚು ಎತ್ತಿ ನೋಡಿದರು. “ಇಲ್ಲಿ ಮಂಗಳ, ಬುಧ, ಗುರು ಅಂತಿದೆ. ಇರ್ಲಿ, ಒಂದು ದಿನ ಹೆಚ್ಚುಕಮ್ಮಿ. ಎಷ್ಟು ಮನೆ ನಲ್ಲಿ ನೀರು ಪರೀಕ್ಷೆ ಮಾಡಿದ್ರಿ?”

“ಸುಮಾರು ಇಪ್ಪತ್ತು.”

“ಮೂವತ್ತಾರು ಅಂತಿದೆ ಸಾಹೇಬ್ರೇ.” ಅವರು ಮತ್ತೊಂದು ಸಾಲಿನ ಮೇಲೆ ಬೆರಳಿಟ್ಟರು. “ಇದೇನು, ಕೊನೇ ಹಾಳೇಲಿ ಕುರುಬರ ಬೀದಿ ಅಂತ ಬಂದಿದೆ? ಕಾಯಿಲೆ ಆದದ್ದು ಮೇದಾರಗೇರೀಲಲ್ಲವಾ?”

ಕಾಳಮ್ಮನ ಸೊಸೆ ಕೂತಲ್ಲಿಂದಲೇ, “ನಮ್ ಬೀದಿಗೆ ಇವ್ರು ಕಾಲೇ ಇಟ್ಟಿಲ್ಲ” ಎಂದಳು. ಜೋರಾಗಿ ಏನಲ್ಲ, ಆದರೆ ಎಲ್ಲರಿಗೂ ಕೇಳಿಸಿತು.

ಆಮೇಲೆ ದುರುಗಪ್ಪನನ್ನು ಕರೆದರು. ಅವನಿಗೆ ಓದಲು ಕಷ್ಟ, ಅಷ್ಟು ಜನರೆದುರು ಎಂದೂ ಮಾತಾಡಿದವನಲ್ಲ. ಎರಡು ಕೈಯನ್ನೂ ಹಿಂದೆ ಕಟ್ಟಿ, ಸಲಾಕೆಗೆ ಕಿವಿ ಹಚ್ಚಿದಾಗಿನ ಹಾಗೆ ತಲೆ ಓರೆ ಮಾಡಿ ನಿಂತು, ಮೊದಲ ಸಾಲಿನಿಂದ ಶುರು ಮಾಡಿದ. ಐದೂಕಾಲು, ಬಕೀಟು, ತಿಳಿ, ಗಸಿ. ಮೊದಲನೆಯ ಚಪ್ಪಡಿಯಿಂದ ಹತ್ತೊಂಬತ್ತು ಹೆಜ್ಜೆ. ನಡುವೆ ತಾನೇ ನಿಲ್ಲಿಸಿ, “ಇಲ್ಲಿ ಸೋರುತ್ತದೆ ಅಂತಿತ್ತು, ತೆಗೆಸಿದೆ. ಅದು ಸೋರಲ್ಲ, ಕುಡೀತದೆ,” ಎಂದ. ಅಧ್ಯಕ್ಷೆಯ ಬೆರಳು ಅವನ ಹಾಳೆಯ ಮೇಲೆ ಸಾಲಿನಿಂದ ಸಾಲಿಗೆ ಇಳಿಯುತ್ತ ಹೋಯಿತು. ಎಲ್ಲೂ ಎಡವಲಿಲ್ಲ. ಎರಡನೆಯ ಹಾಳೆಯ ಕೊನೆಯ ಸಾಲಿಗೆ ಬಂದು ನಿಂತಿತು.

“ತೀರ್ಮಾನ ಆಮೇಲೆ,” ಎಂದು ಬಿಲ್ಕಿಸ್ ಬಾನು ಸೆರಗು ಸಿಕ್ಕಿಸಿಕೊಂಡು ಎದ್ದರು. “ಮೊದಲು ಗುದ್ದಲಿ ತನ್ನಿ.”

ಇಡೀ ಸಭೆ ಮೀನು ಮಾರುಕಟ್ಟೆಯ ಹಿಂದಕ್ಕೆ ನಡೆಯಿತು. ಹತ್ತೊಂಬತ್ತನೆಯ ಹೆಜ್ಜೆಯಲ್ಲಿ ಅಗೆದರು. ಸೊಂಟದಾಳ ಹೋದಾಗ ಕೊಳವೆ ಸಿಕ್ಕಿತು. ಹೊಸದಲ್ಲ, ತುಕ್ಕು ಹಿಡಿದು ಪದರು ಪದರಾಗಿ ಎದ್ದಿದ್ದ ಹಳೆಯದು. ಅದರ ಮಗ್ಗುಲಲ್ಲಿ ಮೊಳದುದ್ದದ ಸೀಳು, ಸೀಳಿನೊಳಗೆ ಮೀನಿನ ಸಿಪ್ಪೆ, ಕೂದಲು, ಕಪ್ಪು ಕೆಸರು. ಒಬ್ಬಳು ಹೆಂಗಸು ಅಲ್ಲೇ ಪಕ್ಕಕ್ಕೆ ಓಡಿ ವಾಂತಿ ಮಾಡಿದಳು. ಮೃತ್ಯುಂಜಯ ಗುಂಡಿಯ ಅಂಚಿಗೆ ಬಂದು ಮಂಡಿಯೂರಿ ಬಗ್ಗಿ ನೋಡಿದರು. ಅವರ ಪ್ಯಾಂಟಿನ ಮೊಣಕಾಲು ಕೆಸರಾಗಿತ್ತು.

“ಬದಲಾಯಿಸಿ ಆಗಿದೆ ಅಂತ ಕಂಟ್ರಾಕ್ಟರು ಹೇಳಿದ್ದ,” ಎಂದರು, ಯಾರಿಗೆ ಅಂತಲ್ಲ. “ನಾನು ಬಂದು ನೋಡಿರಲಿಲ್ಲ. ಸಹಿ ಹಾಕ್ಬಿಟ್ಟೆ. ಆಮೇಲೆ ಇವನು ಬಂದು ಹೇಳಿದಾಗ, ನೋಡಿದ್ರೆ ನಿಜವಾಗುತ್ತೆ ಅಂತ ಭಯವಾಯ್ತು.” ದುರುಗಪ್ಪ ಗುಂಡಿಗೆ ಇಳಿದು ಸೀಳನ್ನು ಕೈಯಿಂದ ಅಳೆದು, ಎಷ್ಟುದ್ದದ ತುಂಡು ಬೇಕು ಎಂದು ಮೇಲಿದ್ದವರಿಗೆ ಕೂಗಿ ಹೇಳಿದ.

ಸೋಮವಾರ ತೀರ್ಮಾನ ಬಂತು. ದುರುಗಪ್ಪ ಮತ್ತೆ ಕೆಲಸಕ್ಕೆ. ಮೃತ್ಯುಂಜಯ ಅವರ ಮೇಲೆ ವಿಚಾರಣೆ ಜಿಲ್ಲೆಗೆ ಹೋಯಿತು. ನನ್ನ ಫಲಕವನ್ನು ಒಂದು ವರ್ಷದ ಮಟ್ಟಿಗೆ ಕೀಳಬೇಕು ಎಂದಾಯಿತು. ಕೀಳಲು ಬಂದ ಪುರಸಭೆಯವನ ಹತ್ತಿರ ಸ್ಕ್ರೂ ತಿರುಗಿಸುವ ಸಾಧನ ಇರಲಿಲ್ಲ. ನನ್ನದೇ ಕೊಟ್ಟೆ, ಮೇಲಿನ ಎರಡು ಸ್ಕ್ರೂ ತುಕ್ಕು ಹಿಡಿದು ಬಾರದಿದ್ದಾಗ ನಾನೇ ಎಣ್ಣೆ ಬಿಟ್ಟು ತೆಗೆದೆ. ಅಳು ಬರಲಿಲ್ಲ. ಇಪ್ಪತ್ತು ವರ್ಷ ಚೆನ್ನಾಗಿ ಕೆಲಸ ಮಾಡಿದ್ದೆ, ಒಂದು ಕೆಟ್ಟ ಕೆಲಸ ಮಾಡಿದ್ದೆ, ಎರಡೂ ನನ್ನವೇ. ಒಂದು ವರ್ಷವೇನು, ಬಂದಂತೆ ಹೋಗುತ್ತದೆ. ಈಗ ಪುರಸಭೆಯಲ್ಲಿ ಕಾಗದ ಕೊಟ್ಟವರು ಹಾಳೆ ಬೋರಲು ಹಾಕಿ ಬಾಯಲ್ಲೂ ಹೇಳಬೇಕು. ಹಾಗೆ ಹೇಳಲು ಕಲಿಸಿಕೊಡಿ ಎಂದು ಜನ ನನ್ನ ಮನೆಯ ಜಗುಲಿಗೆ ಬರತೊಡಗಿದ್ದಾರೆ. ಅದಕ್ಕೆ ಫಲಕ ಬೇಕಿಲ್ಲ.

ತೀರ್ಮಾನ ಬಂದ ಮರುದಿನ, ಮಂಗಳವಾರ, ಹೊಸ ಕೊಳವೆಯಲ್ಲಿ ಮೊದಲ ಬಾರಿ ನೀರು ಬಿಡುವುದಿತ್ತು. ನಾನು ಮೇದಾರಗೇರಿಗೆ ಹೋದೆ. ಯಾರೂ ಕರೆದಿರಲಿಲ್ಲ. ನಲ್ಲಿಯ ಸುತ್ತ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಸಣ್ಣೀರಮ್ಮನೂ ಇದ್ದಳು, ಕಾಳಮ್ಮನ ಸೊಸೆಯೂ ಇದ್ದಳು. ದುರುಗಪ್ಪ ಊರಾಚೆ ವಾಲ್ವಿನ ಹತ್ತಿರ ಇದ್ದ. ನಲ್ಲಿ ಮೊದಲು ಬುಸುಗುಟ್ಟಿತು, ಕೆಂಪು ನೀರು ಉಗುಳಿತು, ಆಮೇಲೆ ತಿಳಿಯಾಯಿತು. ತಿಳಿಯಾಗಿ ಎಷ್ಟೋ ಹೊತ್ತಾದರೂ ಒಂದು ಕೊಡವೂ ಮುಂದೆ ಬರಲಿಲ್ಲ. ನೀರು ಸುಮ್ಮನೆ ಕಲ್ಲಿನ ಮೇಲೆ ಬಿದ್ದು ಹರಿದುಹೋಗುತ್ತಿತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು.

“ಒಂದು ಲೋಟ ಕೊಡ್ರೀ,” ಎಂದೆ.

ಸಣ್ಣೀರಮ್ಮ ನನ್ನನ್ನು ದಿಟ್ಟಿಸಿ ನೋಡಿದಳು. ಅವಳಿನ್ನೂ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಒಳಗೆ ಹೋಗಿ ಸ್ಟೀಲಿನ ದೊಡ್ಡ ಲೋಟ ತಂದು ಕೈಗಿಟ್ಟಳು. ನಾನು ನಲ್ಲಿಗೆ ಹಿಡಿದು ತುಂಬಿಸಿದೆ. ಬಾಯಿಗೆ ತಂದಾಗ ಆ ಗುಟುಕ್ ಗುಟುಕ್ ಸದ್ದು ನೆನಪಾಗಲಿಲ್ಲ ಎಂದರೆ ಸುಳ್ಳು. ಆದರೂ ನಿಲ್ಲಿಸದೆ ಕೊನೆಯ ಹನಿಯವರೆಗೆ ಕುಡಿದೆ.

“ಹೆಂಗೈತೆ?” ಎಂದಳು ಕಾಳಮ್ಮನ ಸೊಸೆ.

“ತಣ್ಣಗಿದೆ,” ಎಂದೆ.

ಅವಳು ಬಗ್ಗಿ ತನ್ನ ಕೊಡವನ್ನು ನಲ್ಲಿಯ ಕೆಳಗೆ ಇಟ್ಟಳು.